ಗಿಟಾರಿನ ಕೀ ಸರಿಯಾಗಿ ಕೂರುತ್ತಿಲ್ಲ, ಶ್ರುತಿ ನಿಲ್ಲುತ್ತಿಲ್ಲ: ದೋಷ ಹುಡುಕುವ ಕೈಪಿಡಿ

ಗಿಟಾರಿನ ಶ್ರುತಿ ಇಳಿದ ಕೂಡಲೇ ನಾವು ದೂರುವುದು ಕೀಗಳನ್ನು. ವೀಣೆ, ತಂಬೂರಿಗಳ ಬಿರಡೆಯನ್ನು ನೋಡಿ ಬೆಳೆದವರಿಗೆ ಇದು ಸಹಜವಾದ ಅನುಮಾನ. ಬಿರಡೆ ನಿಲ್ಲುವುದು ಮರಕ್ಕೆ ಮರ ಒತ್ತಿಕೊಂಡಿರುವ ಬಿಗಿಯಿಂದ ಮಾತ್ರ, ಹವೆ ಬದಲಾದರೆ ಅದು ಜಾರುತ್ತದೆ ಅಥವಾ ಕಚ್ಚಿಕೊಳ್ಳುತ್ತದೆ. ಗಿಟಾರಿನ ಕೀ ಹಾಗಲ್ಲ. ಅದರೊಳಗೆ ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಒಂದು ದಂಡ ಮತ್ತು ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲುಚಕ್ರ ಇರುತ್ತವೆ. ಮೆಕ್ಯಾನಿಕ್‌ಗಳು ಇದನ್ನು ವರ್ಮ್ ಗೇರ್ ಎನ್ನುತ್ತಾರೆ. ದಂಡ ತಿರುಗಿದರೆ ಚಕ್ರ ತಿರುಗುತ್ತದೆ, ಆದರೆ ಚಕ್ರವನ್ನು ಎಳೆದು ದಂಡವನ್ನು ತಿರುಗಿಸಲು ಸಾಧ್ಯವಿಲ್ಲ. ಆದ್ದರಿಂದ ತಂತಿ ಎಷ್ಟೇ ಬಿಗಿಯಾಗಿ ಎಳೆದರೂ, ಹಲ್ಲು ಸವೆಯದ ಕೀ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಕೀಯೊಳಗಿನ ಗೇರು ಕೆಡುವುದು ಅಪರೂಪ. ಕೀಯನ್ನು ಮರಕ್ಕೆ ಕೂರಿಸಿದ ರೀತಿಯಲ್ಲಿ ದೋಷವಿರುವುದು ಸಾಮಾನ್ಯ. ಇವೆರಡಕ್ಕಿಂತ ಹೆಚ್ಚಾಗಿ ಕಾಣುವುದು ತಂತಿ ಸುತ್ತಿದ ಕ್ರಮದ ದೋಷ. ಈ ಬರಹದ ಪರೀಕ್ಷೆಗಳು ಹಣ ಖರ್ಚಾಗದವುಗಳಿಂದ ಶುರುವಾಗಿ, ಮರಕ್ಕೆ ಡ್ರಿಲ್ ತಾಗಿಸಬೇಕಾದವುಗಳ ಕಡೆಗೆ ಸಾಗುತ್ತವೆ.

ಭಾಗಗಳ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ಕೀಗಳನ್ನು ಕೂರಿಸಿರುವ ಗಿಟಾರಿನ ತಲೆಭಾಗ ಹೆಡ್‌ಸ್ಟಾಕ್. ಅದರ ಮುಂಭಾಗದಲ್ಲಿ ಎದ್ದುನಿಂತು ತಂತಿಯನ್ನು ಸುತ್ತಿಕೊಳ್ಳುವುದು ಕಂಬ. ಬೆರಳಿನಿಂದ ತಿರುಗಿಸುವುದು ಹಿಡಿ. ಹಿಂಭಾಗದಲ್ಲಿ ಗೇರನ್ನು ಹೊತ್ತ ಲೋಹದ ಡಬ್ಬಿ ಕವಚ. ರಂಧ್ರದ ಬಾಯಲ್ಲಿ ಕಂಬವನ್ನು ಸುತ್ತುವರಿದ ಲೋಹದ ಉಂಗುರ ಬುಶ್. ತಂತಿಗಳು ಹೆಡ್‌ಸ್ಟಾಕಿನಿಂದ ಕೆಳಗಿಳಿಯುವಾಗ ಹಾಯುವ ಗೀರುಗಳಿರುವ ಪಟ್ಟಿ, ವೀಣೆಯಲ್ಲಿ ಮೇರು ಇರುವ ಜಾಗದಲ್ಲಿರುವುದು, ನಟ್. ಕೀಯನ್ನು ಬಿಗಿಯುವ ಆರುಮೂಲೆಯ ಭಾಗವನ್ನೂ ಅಂಗಡಿಯವರು ನಟ್ ಎನ್ನುವುದುಂಟು. ಗೊಂದಲವಾಗದಿರಲೆಂದು ಇಲ್ಲಿ ಅದನ್ನು ಥ್ರೆಡ್ ಬುಶ್ ಎಂದು ಕರೆದಿದ್ದೇನೆ.

ಕೈ ಹಾಕುವ ಮೊದಲು

ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿಗೆ ಹನ್ನೆರಡರ ಸೆಟ್ (ಒಂದನೆಯ ತಂತಿ 0.012 ಇಂಚು ದಪ್ಪವಿರುವುದು) ಹಾಕಿ ಶ್ರುತಿ ಮಾಡಿದಾಗ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ಇರುತ್ತದೆ. ಇಷ್ಟು ಎಳೆತವಿರುವಾಗ ಯಾವ ಸ್ಕ್ರೂವನ್ನೂ ಬಿಚ್ಚಬಾರದು. ಬಿಗಿಯಾಗಿರುವ ತಂತಿಯನ್ನು ಕತ್ತರಿಸಲೂಬಾರದು. ಕತ್ತರಿಸಿದ ತುದಿ ಚಾಟಿಯಂತೆ ಹಾರಿ ಕಣ್ಣಿಗೆ ಬಡಿಯಬಹುದು. ಆರೂ ತಂತಿಗಳನ್ನು ಸ್ವಲ್ಪಸ್ವಲ್ಪವಾಗಿ ಒಂದೇ ಸಮನಾಗಿ ಸಡಿಲಿಸಿ, ಪೂರ್ತಿ ಜೋಲು ಬಿದ್ದ ಮೇಲೆ ತೆಗೆಯಬೇಕು. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ನೆಕ್‌ನ ಕೆಳಗೆ ಮಡಿಸಿದ ಬಟ್ಟೆ ಇಟ್ಟು, ಹೆಡ್‌ಸ್ಟಾಕ್ ಗಾಳಿಯಲ್ಲಿ ನೇತಾಡದಂತೆ ನೋಡಿಕೊಳ್ಳಬೇಕು. ಹೊಸ ತಂತಿ ಬಿಗಿಯುವಾಗಲೂ ಡ್ರಿಲ್ ಹಿಡಿದಾಗಲೂ ಕನ್ನಡಕ ಹಾಕಿಕೊಳ್ಳಬೇಕು.

ಶ್ರುತಿ ಮಾಡಿದ ಅರ್ಧ ಗಂಟೆಯಲ್ಲೇ ಇಳಿಯುತ್ತದೆ

ಮೊದಲ ಪರೀಕ್ಷೆಗೆ ಬೇಕಾಗಿರುವುದು ಒಂದು ಪೆನ್ಸಿಲ್ ಮಾತ್ರ. ಗಿಟಾರನ್ನು ಶ್ರುತಿಗೆ ತಂದು, ಅನುಮಾನವಿರುವ ಕೀಯ ಕಂಬದ ನೆತ್ತಿಯಿಂದ ಬುಶ್‌ನ ಅಂಚಿನವರೆಗೆ ಒಂದೇ ನೇರಕ್ಕೆ ಸಣ್ಣ ಗೆರೆ ಎಳೆಯಿರಿ. ಲೋಹದ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಎರಡು ಚೂರು ಟೇಪ್ ಅಂಟಿಸಿ ಅವುಗಳ ಮೇಲೆ ಗುರುತು ಹಾಕಬಹುದು. ಒಂದು ಗಂಟೆ ನುಡಿಸಿ, ಶ್ರುತಿ ಇಳಿದ ಮೇಲೆ ಗೆರೆಯನ್ನು ನೋಡಿ. ಎರಡು ತುಂಡುಗಳೂ ಒಂದೇ ನೇರದಲ್ಲಿದ್ದರೆ ಕಂಬ ತಿರುಗಿಲ್ಲ ಎಂದೇ ಅರ್ಥ. ಗೇರಿನಲ್ಲಿ ದೋಷವಿಲ್ಲ, ಹೊಸ ಕೀ ಕೊಂಡರೂ ಶ್ರುತಿ ಹೀಗೆಯೇ ಇಳಿಯುತ್ತದೆ. ಗೆರೆ ಮುರಿದು ಪಕ್ಕಕ್ಕೆ ಸರಿದಿದ್ದರೆ ಮಾತ್ರ ಕೀಯನ್ನು ಅನುಮಾನಿಸಬೇಕು. ಹೊಸ ಸೆಟ್‌ಗೆ ಹಣ ಕೊಡುವ ಮೊದಲು ಈ ಒಂದು ಗಂಟೆಯನ್ನು ಕೊಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಗೆರೆ ಸರಿಯದೆ ಶ್ರುತಿ ಮಾತ್ರ ಇಳಿದಿದ್ದರೆ ಆರೂ ತಂತಿಗಳನ್ನು ಟ್ಯೂನರಿನಲ್ಲಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ಹವೆಯ ಕೆಲಸ. ಕರಾವಳಿಯ ಮಳೆಗಾಲದಲ್ಲಿ ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ತೇವ ಹೀರಿ ಉಬ್ಬುವುದರಿಂದ ಶ್ರುತಿ ಏರುತ್ತದೆ. ವೇದಿಕೆಯ ದೀಪದ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಇದಕ್ಕೆ ಮತ್ತೆ ಶ್ರುತಿ ಮಾಡಿಕೊಳ್ಳುವುದೇ ಪರಿಹಾರ. ಒಂದೆರಡು ತಂತಿಗಳಷ್ಟೇ ಇಳಿಯುತ್ತಿದ್ದರೆ ಮುಂದಕ್ಕೆ ಹೋಗಿ.

ತಂತಿ ಹೊಸದಾಗಿದ್ದರೆ ಅದು ಇನ್ನೂ ಹಿಗ್ಗಿ ಕೂತಿಲ್ಲದಿರಬಹುದು. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯನ್ನು ಮೆಲ್ಲಗೆ ಎತ್ತಿ ಎಳೆದು ಮತ್ತೆ ಶ್ರುತಿ ಮಾಡಿ. ಶ್ರುತಿ ಇಳಿಯುವುದು ನಿಲ್ಲುವವರೆಗೆ, ಅಂದರೆ ಮೂರು ನಾಲ್ಕು ಸಲ, ಹೀಗೆ ಮಾಡಬೇಕಾಗುತ್ತದೆ. ಇದರ ನಂತರವೂ ಇಳಿದರೆ ಸುತ್ತುಗಳನ್ನು ನೋಡಿ. ದಪ್ಪ ತಂತಿಗೆ ಎರಡರಿಂದ ಮೂರು ಸುತ್ತು, ತೆಳು ತಂತಿಗೆ ನಾಲ್ಕೈದು ಸುತ್ತು ಸಾಕು. ಪ್ರತಿ ಸುತ್ತೂ ಹಿಂದಿನದರ ಕೆಳಗೆ, ಒಂದರ ಮೇಲೊಂದು ಹತ್ತದೆ ಇಳಿಯಬೇಕು. ಹತ್ತು ಸುತ್ತು ಗೋಜಲಾಗಿ ಸುತ್ತಿದ ತಂತಿ ನುಡಿಸಿದಷ್ಟೂ ಒಳಗೊಳಗೇ ಬಿಗಿದುಕೊಳ್ಳುತ್ತ ಶ್ರುತಿಯನ್ನು ಇಳಿಸುತ್ತದೆ. ಒಂದೇ ಸುತ್ತು ಹಾಕಿದ ನುಣುಪಾದ ಒಂದನೆಯ ತಂತಿ ರಂಧ್ರದಿಂದಲೇ ಜಾರುತ್ತದೆ. ತಂತಿಯನ್ನು ಕಂಬದ ರಂಧ್ರಕ್ಕೆ ತೂರಿಸುವಾಗ ದಪ್ಪ ತಂತಿಗೆ ಸುಮಾರು ಐದು ಸೆಂಟಿಮೀಟರ್, ತೆಳು ತಂತಿಗೆ ಎಂಟೊಂಬತ್ತು ಸೆಂಟಿಮೀಟರ್ ಸಡಿಲ ಬಿಟ್ಟರೆ ಈ ಲೆಕ್ಕ ಸರಿಹೋಗುತ್ತದೆ. ಅಕೌಸ್ಟಿಕ್ ಗಿಟಾರಿನಲ್ಲಿ ಇನ್ನೊಂದು ತುದಿಯನ್ನೂ ನೋಡಬೇಕು. ತಂತಿಯ ಕೆಳತುದಿಯನ್ನು ಹಲಗೆಯ ರಂಧ್ರದಲ್ಲಿ ಹಿಡಿದಿಡುವ ಗೂಟದ, ಅಂದರೆ ಬ್ರಿಡ್ಜ್ ಪಿನ್ನಿನ, ಕೆಳಗೆ ತಂತಿಯ ಗುಂಡು ಹಲಗೆಗೆ ಒತ್ತಿ ಕೂರದೆ ಪಿನ್ನಿನ ತುದಿಗೆ ಸಿಕ್ಕಿಕೊಂಡಿದ್ದರೆ ಅದು ಮೆಲ್ಲಮೆಲ್ಲನೆ ಮೇಲಕ್ಕೆ ಬರುತ್ತಿರುತ್ತದೆ.

ಹಿಡಿ ತಿರುಗಿಸಿದರೆ ‘ಟಿಂಗ್’ ಎಂದು ಹಾರಿ ಸ್ವರ ಬದಲಾಗುತ್ತದೆ

ಇದು ಕೀಯ ದೋಷವೆಂದು ತಪ್ಪಾಗಿ ತಿಳಿಯಲಾಗುವ ಲಕ್ಷಣಗಳಲ್ಲಿ ಮೊದಲನೆಯದು. ಹಿಡಿ ತಿರುಗಿದರೂ ಸ್ವರ ಅಲ್ಲೇ ನಿಂತು, ಆಮೇಲೆ ಒಮ್ಮೆಲೇ ಹಾರಿದರೆ ತಂತಿ ನಟ್‌ನ ಗೀರಿನಲ್ಲಿ ಕಚ್ಚಿಕೊಂಡಿದೆ ಎಂದರ್ಥ. ಖಚಿತಪಡಿಸಿಕೊಳ್ಳಲು ಶ್ರುತಿ ಮಾಡಿದ ತಂತಿಯನ್ನು ನುಡಿಸುವ ಜಾಗದಲ್ಲಿ ಪಕ್ಕಕ್ಕೆ ಎಳೆದು ಬಿಡಿ. ಸ್ವರ ಇಳಿದಿದ್ದರೆ, ಈಗ ನಟ್‌ಗೂ ಕೀಗೂ ನಡುವಿನ ತಂತಿಯನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಸ್ವರ ಮರಳಿ ಮೇಲೇರಿದರೆ ದೋಷವಿರುವುದು ನಟ್‌ನಲ್ಲಿಯೇ. ಎಳೆದಾಗ ಗೀರು ದಾಟಿ ಬಂದ ತಂತಿ ತಾನಾಗಿ ಹಿಂದಕ್ಕೆ ಹೋಗಲಾರದೆ ನಿಂತಿತ್ತು, ನಿಮ್ಮ ಬೆರಳು ಅದನ್ನು ಎಳೆದುಕೊಂಡಿತು.

ತಂತಿಯನ್ನು ಸಡಿಲಿಸಿ, ಗೀರಿನಿಂದ ಎತ್ತಿ, ಮೆತ್ತನೆಯ ಪೆನ್ಸಿಲ್ಲಿನ ಮೊನೆಯನ್ನು ಗೀರಿನಲ್ಲಿ ನಾಲ್ಕಾರು ಸಲ ಉಜ್ಜಿದರೆ ಗ್ರಾಫೈಟ್ ಪುಡಿ ಜಾರುವಿಕೆಯನ್ನು ಕೊಡುತ್ತದೆ. ಮುಕ್ಕಾಲು ಪಾಲು ಸಂದರ್ಭಗಳಲ್ಲಿ ಇಷ್ಟೇ ಸಾಕಾಗುವುದನ್ನು ನಾನು ಕಂಡಿದ್ದೇನೆ. ತಂತಿಯ ಸೆಟ್ಟನ್ನು ಈಚೆಗೆ ದಪ್ಪದ್ದಕ್ಕೆ ಬದಲಾಯಿಸಿದ್ದರೆ ಗೀರೇ ಕಿರಿದಾಗಿರಬಹುದು. ಅದನ್ನು ಅಗಲಿಸಲು ತಂತಿಯ ಗಾತ್ರಕ್ಕೆ ಸರಿಯಾದ ಅರ ಬೇಕು. ಗೀರು ಒಂದಿಷ್ಟು ಆಳವಾದರೂ ತಂತಿ ಮೊದಲ ಫ್ರೆಟ್‌ಗೆ ತಾಗಿ ಗುಂಯ್‌ಗುಡುತ್ತದೆ, ಆಗ ನಟ್ಟನ್ನೇ ಬದಲಿಸಬೇಕಾಗುತ್ತದೆ. ಅರ ಇಲ್ಲದವರು ಇಲ್ಲಿಗೆ ನಿಲ್ಲಿಸಿ ರಿಪೇರಿಯವರ ಬಳಿಗೆ ಒಯ್ಯುವುದು ಒಳ್ಳೆಯದು.

ಹಿಡಿ ಕಾಲು ಸುತ್ತು ತಿರುಗಿದರೂ ಏನೂ ಆಗುವುದಿಲ್ಲ

ದಿಕ್ಕು ಬದಲಿಸಿದಾಗ ಮಾತ್ರ ಹೀಗಾಗುತ್ತಿದ್ದರೆ ಅದು ಹಲ್ಲುಗಳ ನಡುವಿನ ಸಂದು. ಸ್ವಲ್ಪ ಸಂದು ಎಲ್ಲ ಗೇರುಗಳಲ್ಲೂ ಇರುತ್ತದೆ. 14:1 ಅನುಪಾತದ ಕೀಯಲ್ಲಿ ಹಿಡಿಯನ್ನು 14 ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು ತಿರುಗುತ್ತದೆ. ಕಂಬ 6 ಮಿ.ಮೀ. ದಪ್ಪವಿದ್ದರೆ ಹಿಡಿಯ ಒಂದು ಸುತ್ತಿಗೆ ಸುಮಾರು 1.3 ಮಿ.ಮೀ. ತಂತಿ ಸುತ್ತಿಕೊಳ್ಳುತ್ತದೆ. 18:1 ಕೀಯಲ್ಲಿ ಇದು ಒಂದು ಮಿಲಿಮೀಟರಿನಷ್ಟು. ಕಾಲು ಸುತ್ತಿನ ಸಂದು ಅಭ್ಯಾಸದಿಂದ ನಿಭಾಯಿಸಬಹುದಾದದ್ದು. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತರಬೇಕು. ಹೆಚ್ಚಾಗಿಬಿಟ್ಟರೆ ಸ್ವರಕ್ಕಿಂತ ಕೆಳಗಿಳಿಸಿ ಮತ್ತೆ ಏರಿಸಬೇಕು, ಮೇಲಿನಿಂದ ಇಳಿಸಿ ಅಲ್ಲೇ ಬಿಡಬಾರದು. ಹಾಗೆ ಬಿಟ್ಟರೆ ಸಂದು ತಂತಿಯ ಕಡೆಗೆ ಉಳಿದು, ನಾಲ್ಕು ಸಲ ಮೀಟುವುದರೊಳಗೆ ಶ್ರುತಿ ಜಗ್ಗುತ್ತದೆ.

ಗೇರು ಹೊರಗೆ ಕಾಣುವ ತೆರೆದ ಕೀಗಳಲ್ಲಿ ಹಲ್ಲುಚಕ್ರದ ನಡುವೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಸಡಿಲವಾದಾಗ ಸಂದು ಹೆಚ್ಚುತ್ತದೆ. ತಂತಿಯನ್ನು ಸಡಿಲಿಸಿದ ಮೇಲೆ ಅದನ್ನು ಹಿತವಾಗಿ ಬಿಗಿಯಿರಿ. ಬಿಗಿದ ಮೇಲೂ ಅರ್ಧ ಸುತ್ತಿಗಿಂತ ಹೆಚ್ಚು ಸಂದು ಉಳಿದರೆ, ಅಥವಾ ಪೆನ್ಸಿಲ್ ಗೆರೆಯ ಪರೀಕ್ಷೆಯಲ್ಲಿ ಗೆರೆ ಸರಿದಿದ್ದರೆ, ಹಲ್ಲು ಸವೆದಿದೆ ಎಂದರ್ಥ. ಸವೆದ ಗೇರನ್ನು ದುರಸ್ತಿ ಮಾಡುವ ಉಪಾಯವಿಲ್ಲ, ಕೀ ಬದಲಿಸಬೇಕು. ಹಿಡಿ ತಿರುಗಿದರೂ ಕಂಬ ಅಲುಗದೇ ಇರುವ ಇನ್ನೊಂದು ಸಂದರ್ಭವಿದೆ. ಪ್ಲಾಸ್ಟಿಕ್ ಹಿಡಿ ಹಳತಾಗಿ ಒಳಗೆ ಬಿರುಕು ಬಿಟ್ಟು, ದಂಡದ ಮೇಲೆ ಸುಮ್ಮನೆ ಸುತ್ತುತ್ತಿರಬಹುದು. ಹಿಡಿಯನ್ನಷ್ಟೇ ಬದಲಿಸಿದರೆ ಸಾಕಾಗುವ ಮಾದರಿಗಳೂ ಇವೆ.

ಹಿಡಿ ತಿರುಗಿಸುವುದೇ ಕಷ್ಟ, ಅಥವಾ ತೀರ ಹಗುರ

ಹಿಡಿಯ ತುದಿಯಲ್ಲಿ ಸಣ್ಣ ಸ್ಕ್ರೂ ಕಂಡರೆ ಮೊದಲು ಅದನ್ನು ನೋಡಿ. ಅದು ಹಿಡಿಯ ಬಿಗಿತವನ್ನು ಹೊಂದಿಸುವ ಸ್ಕ್ರೂ. ಒಂದು ಸಲಕ್ಕೆ ಎಂಟನೆಯ ಒಂದು ಸುತ್ತಿನಷ್ಟು ತಿರುಗಿಸಿ ಪರೀಕ್ಷಿಸಬೇಕು. ಶ್ರುತಿ ನಿಲ್ಲಲೆಂದು ಇದನ್ನು ಬಲವಾಗಿ ಬಿಗಿಯುವವರಿದ್ದಾರೆ. ಶ್ರುತಿಯನ್ನು ಹಿಡಿದಿಡುವುದು ಗೇರು, ಈ ಸ್ಕ್ರೂ ಅಲ್ಲ. ಅತಿಯಾಗಿ ಬಿಗಿದರೆ ವಾಷರ್ ಹಾಳಾಗಿ ಹಿಡಿ ತಿರುಗುವುದೇ ಕಷ್ಟವಾಗುತ್ತದೆ.

ಹೊಸದಾಗಿ ಕೂರಿಸಿದ ಕೀ ಬಿಗಿಯಾಗಿದ್ದರೆ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಕೈಯಲ್ಲಿ ಸಲೀಸಾಗಿ ತಿರುಗುವುದು ಮರದಲ್ಲಿ ಕೂತಾಗ ಮಾತ್ರ ಬಿಗಿಯಾದರೆ ಕೀ ಸರಿಯಾಗಿದೆ, ಕೂರಿಸಿದ್ದು ವಾರೆಯಾಗಿದೆ. ಹಿಂದಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದಾಗ ಹಗುರವಾದರೆ, ಸ್ಕ್ರೂಗಳು ಕವಚವನ್ನು ತಿರುಚುತ್ತಿದ್ದವು ಎಂದು ತಿಳಿಯುತ್ತದೆ. ಸಡಿಲಿಸಿದರೂ ಹಗುರವಾಗದಿದ್ದರೆ ಮುಂದಿನ ಬುಶ್ ಮತ್ತು ಹಿಂದಿನ ರಂಧ್ರ ಒಂದೇ ನೇರದಲ್ಲಿಲ್ಲ, ಕಂಬ ಬುಶ್‌ಗೆ ಉಜ್ಜುತ್ತಿದೆ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಚ್ಚಿದ ಕವಚದ ಕೀಗಳಲ್ಲಿ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ, ಅವುಗಳಿಗೆ ಏನನ್ನೂ ಹಾಕಬಾರದು. ತೆರೆದ ಗೇರಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಒಂದೇ ಹನಿ ತಾಗಿಸಿ, ಉಳಿದದ್ದನ್ನು ಒರೆಸಬೇಕು. ಮನೆಯಲ್ಲಿ ಕೈಗೆ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದಂತೆ ಅಂಟಾಗಿ ಧೂಳನ್ನು ಹಿಡಿಯುತ್ತದೆ. ಯಾವ ಎಣ್ಣೆಯೂ ಮರಕ್ಕೆ ಇಳಿಯಬಾರದು. ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟು ಹಿಡಿಯುವುದಿಲ್ಲ.

ಕಂಬ ಅಲುಗಾಡುತ್ತದೆ, ಹೆಡ್‌ಸ್ಟಾಕಿನಿಂದ ಝರ್ ಎನ್ನುವ ಸದ್ದು ಬರುತ್ತದೆ

ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ, ಸಡಿಲವಾದ ಬುಶ್. ಥ್ರೆಡ್ ಬುಶ್ ಇರುವ ಕೀಗಳಿಗೆ ಬಹುಪಾಲು 10 ಮಿ.ಮೀ. ಸ್ಪ್ಯಾನರ್ ಸರಿಹೊಂದುತ್ತದೆ. ಚಪ್ಪಟೆ ಸ್ಪ್ಯಾನರಿಗಿಂತ ಸಾಕೆಟ್ ಒಳ್ಳೆಯದು, ಅದು ಜಾರಿ ಹೆಡ್‌ಸ್ಟಾಕಿನ ಪಾಲಿಶ್ ಗೀಚುವುದಿಲ್ಲ. ಹಿಡಿಕೆಯಿಲ್ಲದೆ ಸಾಕೆಟ್ಟನ್ನು ಬೆರಳಿನಿಂದಲೇ ತಿರುಗಿಸಿ, ನಿಂತ ಮೇಲೆ ಸ್ವಲ್ಪವೇ ಬಿಗಿಯಿರಿ. ವಾಷರಿನ ಸುತ್ತ ಪಾಲಿಶ್ ಬಿರಿಯಲು ಶುರುವಾದರೆ ಬಿಗಿ ಹೆಚ್ಚಾಗಿದೆ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದು ಮರ ಒಣಗಿದ ಮೇಲೆ, ಇವನ್ನು ಪರೀಕ್ಷಿಸುವುದು ಒಳ್ಳೆಯ ರೂಢಿ.

ಹಳೆಯ ಕ್ಲೂಸನ್ ಮಾದರಿಯ ಕೀಗಳಲ್ಲಿ ಬುಶ್‌ಗೆ ಥ್ರೆಡ್ ಇರುವುದಿಲ್ಲ, ಅದನ್ನು ಮರಕ್ಕೆ ಒತ್ತಿ ಕೂರಿಸಿರುತ್ತಾರೆ. ತಂತಿ ತೆಗೆದಾಗ ಇಂಥ ಬುಶ್ ಕಳಚಿ ಬಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಅದನ್ನು ಅಂಟು ಹಾಕಿ ಶಾಶ್ವತವಾಗಿ ಕೂರಿಸಬೇಡಿ, ಮುಂದೆ ತೆಗೆಯುವಾಗ ಮರವೂ ಕಿತ್ತುಬರುತ್ತದೆ. ರಂಧ್ರದ ಒಳಗೋಡೆಗೆ ತೆಳುವಾಗಿ ಸೂಪರ್ ಗ್ಲೂ ಸವರಿ, ಬುಶ್ ಹಾಕದೆಯೇ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬುಶ್ ಒತ್ತಿದರೆ ಆ ತೆಳು ಪದರವೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಗಾಳಿಯಾಡುವ ಕಡೆ ಕೂತು ಈ ಕೆಲಸ ಮಾಡಿ, ಅದರ ಹೊಗೆ ಕಣ್ಣನ್ನು ಉರಿಸುತ್ತದೆ. ಬುಶ್ ಒತ್ತಲು ಸುತ್ತಿಗೆ ಬೇಡ. ಎರಡೂ ಬದಿಗೆ ಮರದ ತುಂಡಿಟ್ಟು ಕ್ಲ್ಯಾಂಪ್‌ನಿಂದ ಮೆಲ್ಲಗೆ ಒತ್ತಬೇಕು.

ಬುಶ್ ಬಿಗಿಯಾಗಿದ್ದೂ ಸದ್ದು ಬರುತ್ತಿದ್ದರೆ ಹಿಡಿಯ ತುದಿಯ ಸ್ಕ್ರೂವನ್ನೂ ಕತ್ತರಿಸದೆ ಉಳಿದ ತಂತಿಯ ತುದಿಗಳನ್ನೂ ನೋಡಿ.

ಹೊಸ ಕೀ ರಂಧ್ರದೊಳಗೆ ಹೋಗುತ್ತಿಲ್ಲ, ಅಥವಾ ಒಳಗೆ ಹೋಗಿ ಕುಣಿಯುತ್ತದೆ

ಕೀ ಬದಲಿಸಿದವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ಕೀ ಕೊಳ್ಳುವಾಗ ಮೂರು ಈ ಕಡೆ, ಮೂರು ಆ ಕಡೆಯದೋ, ಆರೂ ಒಂದೇ ಸಾಲಿನದೋ ಎಂದಷ್ಟೇ ನೋಡಿ ತರುತ್ತಾರೆ, ರಂಧ್ರದ ಅಳತೆಯನ್ನು ನೋಡುವುದಿಲ್ಲ. ಒತ್ತುವ ಬುಶ್‌ನ ಹಳೆಯ ಮಾದರಿಗೆ ರಂಧ್ರ 8.7 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಕಂಬದ ದಪ್ಪ ಕಾಲು ಇಂಚು, ಅಂದರೆ 6.35 ಮಿ.ಮೀ. ಥ್ರೆಡ್ ಬುಶ್‌ನ ಈಗಿನ ಮುಚ್ಚಿದ ಕೀಗಳಿಗೆ 10 ಮಿ.ಮೀ. ರಂಧ್ರ ಬೇಕು, ಅವುಗಳ ಕಂಬ 6 ಮಿ.ಮೀ. ದಪ್ಪದ್ದು. ಈ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಬಲ ಹಾಕಿ ತಳ್ಳಿದರೆ ಹೆಡ್‌ಸ್ಟಾಕ್ ಸೀಳುವಷ್ಟು ದೊಡ್ಡದು.

ಅಳೆಯಲು ವರ್ನಿಯರ್ ಕ್ಯಾಲಿಪರ್ ಇದ್ದರೆ ಉತ್ತಮ. ಇಲ್ಲದಿದ್ದರೆ 8.5, 9 ಮತ್ತು 10 ಮಿ.ಮೀ. ಡ್ರಿಲ್ ಬಿಟ್‌ಗಳ ನುಣುಪಾದ ಹಿಂಬದಿಯನ್ನು ಕೈಯಿಂದ ರಂಧ್ರಕ್ಕೆ ತೂರಿಸಿ ಯಾವುದು ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡಬಹುದು. ಮುಂದಿನಿಂದಲೂ ಹಿಂದಿನಿಂದಲೂ ಅಳೆಯಬೇಕು. ಕೆಲವು ಹೆಡ್‌ಸ್ಟಾಕ್‌ಗಳಲ್ಲಿ ಮುಂದೆ 10 ಮಿ.ಮೀ. ಇದ್ದು, ಹಿಂದೆ ಕಿರಿದಾಗುವ ಮೆಟ್ಟಿಲು ರಂಧ್ರವಿರುತ್ತದೆ.

ರಂಧ್ರ ದೊಡ್ಡದಾಗಿ ಕೀ ಕುಣಿಯುತ್ತಿದ್ದರೆ ಪರಿಹಾರ ಸುಲಭ. ಹೊರಗೆ 10 ಮಿ.ಮೀ., ಒಳಗೆ ಕಾಲು ಇಂಚಿನ ಕಂಬಕ್ಕೆ ಹೊಂದುವ ಅಡಾಪ್ಟರ್ ಬುಶ್‌ಗಳು ಸಿಗುತ್ತವೆ. ಟೇಪ್ ಸುತ್ತಿ ತುಂಬಿಸುವ ಉಪಾಯ ನಿಲ್ಲುವುದಿಲ್ಲ. ತಂತಿಯ ಎಳೆತಕ್ಕೆ ಕಂಬ ನಟ್‌ನ ಕಡೆಗೆ ವಾಲಿಕೊಂಡು ರಂಧ್ರವನ್ನು ಮೊಟ್ಟೆಯಾಕಾರಕ್ಕೆ ತಿನ್ನುತ್ತದೆ.

ರಂಧ್ರ ಚಿಕ್ಕದಾಗಿದ್ದರೆ ಕೀಗಳನ್ನು ಹಿಂದಿರುಗಿಸಿ ಸರಿಯಾದ ಅಳತೆಯವನ್ನು ತರುವುದೇ ನನ್ನ ಮೊದಲ ಸಲಹೆ. ಹಳೆಯ ಗಿಟಾರಿನ ಮೂಲ ರಂಧ್ರವನ್ನು ದೊಡ್ಡದು ಮಾಡಿದರೆ ಅದರ ಬೆಲೆ ಇಳಿಯುತ್ತದೆ, ತೆಗೆದ ಮರ ಮರಳಿ ಬರುವುದಿಲ್ಲ. ಅಗಲಿಸಲೇಬೇಕೆಂದರೆ ಸಾಮಾನ್ಯ ಡ್ರಿಲ್ ಬಿಟ್ ಬಳಸಬೇಡಿ. ಮೊದಲೇ ಇರುವ ರಂಧ್ರದಲ್ಲಿ ಅದಕ್ಕೆ ನಡು ಸಿಗುವುದಿಲ್ಲ, ಅಂಚನ್ನು ಕಚ್ಚಿ, ಒಮ್ಮೆಲೇ ಒಳಗೆ ಎಳೆದುಕೊಂಡು ಪಾಲಿಶ್ ಸಮೇತ ಮರದ ಚಕ್ಕೆ ಕಿತ್ತುಬಿಡುತ್ತದೆ. ರಂಧ್ರವನ್ನು ಕೆರೆದು ಅಗಲಿಸುವ, ಕೈಯಿಂದ ತಿರುಗಿಸುವ ಮೊನಚು ಉಪಕರಣ, ರೀಮರ್, ನಿಧಾನವಾದರೂ ಸುರಕ್ಷಿತ. 8.7ರಿಂದ 10ಕ್ಕೆ ಹೋಗಲು ಸುತ್ತಲೂ ತೆಗೆಯಬೇಕಾದ್ದು ಸುಮಾರು 0.65 ಮಿ.ಮೀ. ಮಾತ್ರ. ರಂಧ್ರದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಸುತ್ತು ಮುಂದಿನಿಂದ, ಎರಡು ಸುತ್ತು ಹಿಂದಿನಿಂದ ತಿರುಗಿಸುತ್ತ, ಪ್ರತಿ ಸಲವೂ ಬುಶ್ಶನ್ನು ಹಿಡಿದು ನೋಡುತ್ತ ಸಾಗಬೇಕು. ಬುಶ್ ಬೆರಳಿನ ಒತ್ತಿಗೆ ಒಳಗಿಳಿದ ಕ್ಷಣವೇ ನಿಲ್ಲಿಸಬೇಕು. ಮೂಗಿಗೆ ಮಾಸ್ಕ್ ಇರಲಿ, ಹಳೆಯ ಪಾಲಿಶ್‌ನ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಕವಚ ಹಿಂಬದಿಗೆ ಒತ್ತಿ ಕೂರುತ್ತಿಲ್ಲ

ರಂಧ್ರ ಸರಿಯಿದ್ದೂ ಕವಚ ಮರದಿಂದ ಒಂದೆರಡು ಮಿಲಿಮೀಟರ್ ಎದ್ದುನಿಂತರೆ ಅದರ ತಳವನ್ನು ನೋಡಿ. ಸ್ಕ್ರೂಗಳ ಬದಲು ಎರಡು ಸಣ್ಣ ಮೊಳೆಯಂಥ ಪಿನ್‌ಗಳಿರುವ ಮಾದರಿಗಳಿವೆ. ಪಿನ್ನಿಗೆ ಹೊಂದುವ ಗುಳಿಗಳಿಲ್ಲದ ಮರಕ್ಕೆ ಅವನ್ನು ಬುಶ್ ಬಿಗಿದು ಬಲವಂತವಾಗಿ ಇಳಿಸಬಾರದು. ಆರೂ ಒಂದೇ ಸಾಲಿನಲ್ಲಿರುವ ಹೆಡ್‌ಸ್ಟಾಕಿನಲ್ಲಿ ಒಂದರ ಕವಚ ಪಕ್ಕದ್ದಕ್ಕೆ ತಾಗುತ್ತಿದ್ದರೆ ಕೀಗಳು ಆ ಅಂತರಕ್ಕೆ ತಯಾರಾದವುಗಳಲ್ಲ, ಲೋಹವನ್ನು ಅರದಿಂದ ಉಜ್ಜುವುದಕ್ಕಿಂತ ಬದಲಿಸುವುದು ಮೇಲು. ಕೂರಿಸುವ ಕ್ರಮವೂ ಮುಖ್ಯ. ಥ್ರೆಡ್ ಬುಶ್ಶನ್ನು ಮೊದಲು ಕೈಬಿಗಿ ಮಾಡಿ, ಆರೂ ಹಿಡಿಗಳನ್ನು ಸ್ಕೇಲ್ ಹಿಡಿದು ನೇರಕ್ಕೆ ತಂದು, ಸ್ಕ್ರೂ ಜಾಗ ಗುರುತಿಸಿ, ಸ್ಕ್ರೂ ಹಾಕಿ, ಕೊನೆಗೆ ಬುಶ್ ಬಿಗಿಯಬೇಕು.

ಸ್ಕ್ರೂ ಸುಮ್ಮನೆ ಸುತ್ತುತ್ತದೆ, ಅಥವಾ ತಲೆ ಮುರಿದು ಮೈ ಒಳಗೇ ಉಳಿಯಿತು

ಕೀಯ ಸ್ಕ್ರೂಗಳು ಬಹಳ ಸಣ್ಣವು, ಲೋಹವೂ ಮೆತ್ತನೆಯದು. ಮುಚ್ಚಿದ ಕೀಗಳಲ್ಲಿ ತಂತಿಯ ಭಾರವನ್ನು ಹೊರುವುದು ಬುಶ್ ಮತ್ತು ಕಂಬ, ಸ್ಕ್ರೂ ಇರುವುದು ಕವಚ ತಿರುಗದಂತೆ ತಡೆಯಲು. ಆದ್ದರಿಂದ ಅದನ್ನು ಬಲವಾಗಿ ಬಿಗಿಯುವ ಅಗತ್ಯವೇ ಇಲ್ಲ. ನನ್ನದೇ ಒಂದು ಮೇಪಲ್ ನೆಕ್‌ನ ಗಿಟಾರಿಗೆ ಕೀ ಹಾಕುವಾಗ, ಹಳೆಯ ಸ್ಕ್ರೂ ರಂಧ್ರ ಹತ್ತಿರವೇ ಇದೆ, ಮರ ತಾನಾಗಿ ಜಾಗ ಬಿಡುತ್ತದೆ ಎಂದು ಡ್ರಿಲ್ ಮಾಡದೆ ತಿರುಗಿಸಿದ್ದೆ. ನಾಲ್ಕನೆಯ ಸ್ಕ್ರೂವಿನ ತಲೆ ಸದ್ದಿಲ್ಲದೆ ಕೈಗೆ ಬಂತು. ಅದನ್ನು ತೆಗೆಯಲು ಹಿಡಿದ ಸಮಯದಲ್ಲಿ ಆರೂ ಕೀಗಳನ್ನು ಎರಡು ಸಲ ಕೂರಿಸಬಹುದಿತ್ತು.

ಸುಮ್ಮನೆ ಸುತ್ತುವ ಸ್ಕ್ರೂಗೆ ಪರಿಹಾರ ಮನೆಯಲ್ಲೇ ಇದೆ. ಟೂತ್‌ಪಿಕ್ ಅಥವಾ ಮದ್ದು ತೆಗೆದ ಬೆಂಕಿಕಡ್ಡಿಯ ಸೀಳಿಗೆ ಫೆವಿಕಾಲ್ ಸವರಿ ರಂಧ್ರಕ್ಕೆ ತುಂಬಿ, ಒಂದು ರಾತ್ರಿ ಒಣಗಿಸಿ, ಮೇಲ್ಮೈಗೆ ಸಮನಾಗಿ ಕತ್ತರಿಸಿ, ಹೊಸದಾಗಿ ಡ್ರಿಲ್ ಮಾಡಬೇಕು. ಹೊಸ ಕೀಯ ಸ್ಕ್ರೂ ಜಾಗ ಹಳೆಯ ರಂಧ್ರಕ್ಕೆ ಅರ್ಧ ಮಾತ್ರ ತಾಗಿದಾಗಲೂ ಹೀಗೆಯೇ ತುಂಬಬೇಕು, ಇಲ್ಲದಿದ್ದರೆ ಬಿಟ್ ಹಳೆಯ ಗುಳಿಗೆ ಜಾರುತ್ತದೆ.

ಬಿಟ್‌ನ ಗಾತ್ರ ಆರಿಸಲು ಅದನ್ನು ಸ್ಕ್ರೂವಿನ ಮುಂದೆ ಹಿಡಿದು ನೋಡಿ. ಸ್ಕ್ರೂವಿನ ನಡುಮೈ ಬಿಟ್‌ನ ಹಿಂದೆ ಮರೆಯಾಗಿ, ಥ್ರೆಡ್ ಮಾತ್ರ ಎರಡೂ ಬದಿಗೆ ಕಾಣಬೇಕು. ಆಳ ಮೀರದಂತೆ ಬಿಟ್‌ಗೆ ಟೇಪಿನ ಬಾವುಟ ಸುತ್ತಿಕೊಳ್ಳಿ, ಹೆಡ್‌ಸ್ಟಾಕಿನ ದಪ್ಪ ಒಂದೂವರೆ ಸೆಂಟಿಮೀಟರಿನಷ್ಟೇ ಇರುವುದರಿಂದ ಬಿಟ್ ಮುಂಭಾಗಕ್ಕೆ ತೂರಿ ಬಂದುಬಿಡಬಹುದು. ಸ್ಕ್ರೂವಿನ ಥ್ರೆಡ್‌ಗೆ ಮೇಣದಬತ್ತಿ ಉಜ್ಜಿ ಕೈಯಿಂದಲೇ ತಿರುಗಿಸಿ. ಸಾಬೂನು ಬೇಡ, ಅದು ತೇವ ಹೀರಿ ಸ್ಕ್ರೂಗೆ ತುಕ್ಕು ಹಿಡಿಸುತ್ತದೆ. ಅರ್ಧದಲ್ಲಿ ಬಿಗಿಯಾದರೆ ಮುಂದಕ್ಕೆ ಒತ್ತದೆ ಹೊರತೆಗೆದು, ರಂಧ್ರವನ್ನು ಮತ್ತೊಮ್ಮೆ ಸರಿಪಡಿಸಿ.

ಮುರಿದ ಸ್ಕ್ರೂ ಮರದಿಂದ ಸ್ವಲ್ಪವಾದರೂ ಹೊರಗಿದ್ದರೆ, ಬಿಸಿ ಸಾಲ್ಡರಿಂಗ್ ಐರನ್ನಿನ ಮೊನೆಯನ್ನು ಲೋಹಕ್ಕೆ ಮಾತ್ರ ತಾಗಿಸಿ ಕೆಲವು ಸೆಕೆಂಡು ಹಿಡಿದು, ಚೂಪು ಮೂತಿಯ ಇಕ್ಕಳದಿಂದ ಹಿಡಿದು ಹಿಂದಕ್ಕೆ ತಿರುಗಿಸಬಹುದು. ಕೆಲವು ಗಿಟಾರುಗಳ ನೈಟ್ರೊಸೆಲ್ಯುಲೋಸ್ ಪಾಲಿಶ್ ಬೆಂಕಿಗೆ ಬೇಗ ಹತ್ತುವಂಥದ್ದು, ಬಿಸಿ ಐರನ್ ಅದಕ್ಕೆ ತಾಗಬಾರದು. ಮರದೊಳಗೇ ಮುಳುಗಿ ಮುರಿದಿದ್ದರೆ ಸುತ್ತಲಿನ ಮರವನ್ನು ಕೊರೆದು ತೆಗೆಯುವ ಟೊಳ್ಳು ಬಿಟ್ ಬೇಕು, ಆಮೇಲೆ ಮರದ ಬೆಣೆ ತುಂಬಬೇಕು. ಇದನ್ನು ಮೊದಲ ಸಲ ಮಾಡುವವರು ಬೇರೊಂದು ಮರದ ತುಂಡಿನ ಮೇಲೆ ಅಭ್ಯಾಸ ಮಾಡಲಿ, ಅಥವಾ ರಿಪೇರಿಯವರಿಗೆ ಒಪ್ಪಿಸಲಿ.

ಒಂದು ಕೀ ಮಾತ್ರ ಉಲ್ಟಾ ತಿರುಗುತ್ತದೆ

ಮೊದಲು ತಂತಿಯನ್ನು ನೋಡಿ, ಅದು ಕಂಬದ ಒಳಬದಿಯ ಬದಲು ಹೊರಬದಿಗೆ ಸುತ್ತಿರಬಹುದು. ತಂತಿ ಸರಿಯಿದ್ದರೆ ಎಡದ ಕೀ ಬಲಕ್ಕೆ ಹೋಗಿದೆ. ಮೂರು ಮೂರರ ಸೆಟ್‌ನಲ್ಲಿ ಎಡ ಬಲದವು ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಇರುತ್ತವೆ. ತಂತಿಯ ಎಳೆತ ಹಲ್ಲುಚಕ್ರವನ್ನು ದಂಡದ ಕಡೆಗೆ ಒತ್ತುವಂತಿರಬೇಕು, ದೂರ ಎಳೆಯುವಂತಿದ್ದರೆ ಸವೆತ ಬೇಗ.

ನೈಲಾನ್ ತಂತಿಯ ಗಿಟಾರಿನಲ್ಲಿ ಪಟ್ಟಿ ಕೀ ಬಿಗಿಯುತ್ತದೆ

ಕ್ಲಾಸಿಕಲ್ ಗಿಟಾರಿನಲ್ಲಿ ಮೂರು ಕೀಗಳು ಒಂದೇ ಪಟ್ಟಿಯಲ್ಲಿರುತ್ತವೆ, ತಂತಿ ಸುತ್ತಿಕೊಳ್ಳುವ ಉರುಳೆಗಳ ನಡುವಿನ ಅಂತರ ಸಾಮಾನ್ಯವಾಗಿ 35 ಮಿ.ಮೀ. ಮರದ ರಂಧ್ರಗಳ ಅಂತರ ಇದಕ್ಕೆ ಅರ್ಧ ಮಿಲಿಮೀಟರ್ ಹೊಂದದಿದ್ದರೂ ಉರುಳೆ ಮರಕ್ಕೆ ಉಜ್ಜಿ ಬಿಗಿಯಾಗುತ್ತದೆ. ಯಾವ ರಂಧ್ರದ ಯಾವ ಬದಿ ಹೊಳಪಾಗಿದೆ ಎಂದು ನೋಡಿದರೆ ಉಜ್ಜುವ ಜಾಗ ತಿಳಿಯುತ್ತದೆ. ಇಂಥ ಗಿಟಾರಿಗೆ ಉಕ್ಕಿನ ತಂತಿ ಹಾಕಿದ್ದರೆ ಕೀಯನ್ನು ಪರೀಕ್ಷಿಸುವ ಮೊದಲು ಆ ತಂತಿಯನ್ನು ತೆಗೆಯಿರಿ. ಆ ಎಳೆತವನ್ನು ಕೀಗಳೂ ತಾಳವು, ಬ್ರಿಡ್ಜ್ ಕೂಡ ತಾಳದು.

ಕೀಯ ಬಳಿ ಕೂದಲೆಳೆಯಂಥ ಗೆರೆ ಕಾಣುತ್ತದೆ

ಬುಶ್‌ನ ವಾಷರಿನ ಸುತ್ತ ಮಾತ್ರ ಇರುವ ಜೇಡರಬಲೆಯಂಥ ಗೆರೆಗಳು ಪಾಲಿಶ್‌ನ ಬಿರುಕುಗಳು, ಅವುಗಳಿಂದ ಅಪಾಯವಿಲ್ಲ. ಮರದ ನಾರಿನ ದಿಕ್ಕಿನಲ್ಲಿ ಒಂದು ರಂಧ್ರದಿಂದ ಇನ್ನೊಂದಕ್ಕೆ ಓಡುವ ಗೆರೆ, ಅಥವಾ ನಟ್‌ನ ಹಿಂಬದಿಯಲ್ಲಿ ನೆಕ್ ಹೆಡ್‌ಸ್ಟಾಕಿಗೆ ತಿರುಗುವ ಜಾಗದಲ್ಲಿ ಅಡ್ಡವಾಗಿ ಕಾಣುವ ಗೆರೆ ಬೇರೆಯೇ ಸಂಗತಿ. ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವ ಗಿಟಾರುಗಳಲ್ಲಿ ಈ ತಿರುವು ಎಲ್ಲಕ್ಕಿಂತ ದುರ್ಬಲ ಭಾಗ. ತಂತಿ ಸಡಿಲಿಸಿ ಹೆಡ್‌ಸ್ಟಾಕನ್ನು ಬೆರಳಿನಿಂದ ಬಹಳ ಮೆಲ್ಲಗೆ ಒತ್ತಿದಾಗ ಗೆರೆ ತೆರೆದು ಮುಚ್ಚಿದರೆ ಅದು ಮರದ ಬಿರುಕು. ಅಲ್ಲಿಂದ ಮುಂದೆ ತಂತಿ ಬಿಗಿಯಬಾರದು, ಕೀ ಕೂರಿಸಬಾರದು. ಮನೆಯಲ್ಲಿರುವ ಯಾವುದೋ ಅಂಟನ್ನು ಅದರೊಳಗೆ ಸುರಿಯಲೂಬಾರದು, ಒಳಗೆ ಒಣಗಿದ ತಪ್ಪು ಅಂಟನ್ನು ತೆಗೆಯುವುದು ಬಿರುಕನ್ನು ಕೂಡಿಸುವುದಕ್ಕಿಂತ ಕಷ್ಟ. ತಂತಿಗಳನ್ನು ಹಾಗೆಯೇ ಸಡಿಲ ಬಿಟ್ಟು, ಹೆಡ್‌ಸ್ಟಾಕಿಗೆ ಒತ್ತು ಬೀಳದಂತೆ ಪೆಟ್ಟಿಗೆಯಲ್ಲಿಟ್ಟು, ಕಳಚಿದ ಕೀ, ಬುಶ್, ಸ್ಕ್ರೂಗಳನ್ನು ಒಂದು ಚೀಲದಲ್ಲಿ ಹಾಕಿ, ಮರಗೆಲಸ ಬಲ್ಲ ಗಿಟಾರ್ ರಿಪೇರಿಯವರ ಬಳಿಗೆ ಒಯ್ಯಿರಿ. ಬಿರುಕು ಯಾವಾಗ ಕಂಡಿತು, ಅದಕ್ಕೆ ಮೊದಲು ಯಾವ ರಂಧ್ರವನ್ನು ಅಗಲಿಸಿದ್ದಿರಿ, ಯಾವ ಸೆಟ್ ತಂತಿ ಹಾಕಿದ್ದಿರಿ ಎಂಬ ಮೂರನ್ನೂ ಅವರಿಗೆ ತಿಳಿಸಿ.